ಬಾಣಂತಿಯ ಬಿಸಿನೀರು, ಬಾಯ್ಲರಿನ ಸುಣ್ಣ

ಮಿಲ್ಪಿಟಾಸ್‌ನಿಂದ ಸನ್ನಿವೇಲ್‌ಗೆ ಹೋಗುವ ೨೩೭ನೇ ಫ್ರೀವೇ ಬೆಳಕು ಹರಿಯುವ ಮೊದಲೇ ಕಟ್ಟಿಕೊಂಡಿದೆ. ಕಣ್ಣು ಹಾಯಿಸಿದಷ್ಟು ದೂರ ಬ್ರೇಕು ದೀಪಗಳು. ಒಂದೊಂದು ಕಾರಿನಲ್ಲಿ ಒಬ್ಬೊಬ್ಬರು, ಕೈಯಲ್ಲಿ ಕಾಫಿ ಲೋಟ, ರೇಡಿಯೋದಲ್ಲಿ ಷೇರುಪೇಟೆಯ ಸುದ್ದಿ. ಅವರ ನಡುವೆ ಏಣಿ ಹೊತ್ತ ಬಿಳಿ ವ್ಯಾನೊಂದು ಒಂದೇ ಸಮನೆ ಹಾರನ್ ಹೊಡೆಯುತ್ತಿದೆ. ಅಮೆರಿಕದಲ್ಲಿ ಹಾರನ್ ಹೊಡೆದರೆ ಬೈದಂತೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ, ಒಬ್ಬ ಕೈಯೆತ್ತಿ ಏನೋ ಸನ್ನೆಯನ್ನೂ ಮಾಡುತ್ತಾನೆ. ವ್ಯಾನಿನೊಳಗಿರುವ ಯೋಗಾನಂದ ಅವರಿಗೆ ಇದಾವುದೂ ಕಾಣಿಸುತ್ತಿಲ್ಲ.

ಸನ್ನಿವೇಲ್‌ನ ಒಂದು ಮನೆಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ, ಎರಡು ತಿಂಗಳೂ ತುಂಬದ ಹೆಣ್ಣು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಆ ನೀರನ್ನು ಮನೆ ಬೆಚ್ಚಗಿಡುವ ಬಾಯ್ಲರಿನಿಂದ ಹಿಡಿದುಕೊಳ್ಳುತ್ತಾರೆ. ಅದೇ ಬಾಯ್ಲರಿಗೆ ನಿನ್ನೆ ಸಂಜೆ ತುಕ್ಕು ತಡೆಯುವ ರಾಸಾಯನಿಕ ಸುರಿದು ಬಂದವರು ಯೋಗಾನಂದ ಅವರೇ. ಬಾಯ್ಲರಿನ ಕಬ್ಬಿಣಕ್ಕೆ ಅದು ಮದ್ದು. ಎಳೆಗೂಸಿನ ಬಾಯಿಗೋ ಕಣ್ಣಿಗೋ ಹೋದರೆ ವಿಷ.

“ಹಾಲ್ ಕುಡಿಯೋ ಕೂಸು ಕಣ್ರೀ” ಎನ್ನುತ್ತಾರೆ. ಈಗಲೂ ಆ ಬೆಳಗಿನ ಮಾತೆತ್ತಿದರೆ ಮೊದಲು ಬರುವ ಮಾತು ಅದೇ. “ನನ್ ಕೈಯಾರೆ ಹಾಕ್ಬಂದಿದ್ದೆ. ಆ ಟ್ರಾಫಿಕ್ಕಲ್ಲಿ ಕೂತ್ಕೊಂಡು ಯಾವ್ ದೇವ್ರಿಗೆ ಹರಕೆ ಕಟ್ಟಿದ್ನೋ ನಂಗೇ ಗ್ಯಾನ ಇಲ್ಲ.”

ಇದು ಈ ವರ್ಷದ ಸಂಕ್ರಾಂತಿ ಕಳೆದ ಮೇಲೆ ನಡೆದದ್ದು. ೨೦೦೦ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟೂಕೆ ಗುಮ್ಮ ಬಂದೂ ಬಾರದ ಹಾಗೆ ಹೋಗಿ, ಊರೆಲ್ಲ ಮತ್ತೆ ಡಾಟ್ ಕಾಮಿನ ಗುಂಗಿಗೆ ಬಿದ್ದಿತ್ತು.

ಯೋಗಾನಂದ ಮಂಡ್ಯ ಸೀಮೆಯವರು. ಅಪ್ಪನ ಕಾಲದಿಂದಲೂ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯೇ ಅವರಿಗೆ ಅನ್ನದ ದಾರಿ. ಕಬ್ಬು ಅರೆಯುವ ಕಾಲ ಮುಗಿದು ಕಾರ್ಖಾನೆ ತಣ್ಣಗಾದ ಮೇಲೆ ಇವರ ಕೆಲಸ ಶುರು. ಮೈ ಹಿಡಿಸದ ಜಾಗಗಳಿಗೆ ತೂರಿ, ಕೊಳವೆಗಳೊಳಗೆ ಗಟ್ಟಿಯಾಗಿ ಕೂತ ಸುಣ್ಣದ ಪದರವನ್ನು ಕೆರೆಯಬೇಕು. ಹೆಂಡತಿ ಪದ್ಮಜಾ ಅವರ ಅಣ್ಣ ಅಮೆರಿಕದ ಪ್ರಜೆಯಾಗಿ ತಂಗಿಗೆ ಅರ್ಜಿ ಹಾಕಿದ್ದರು. ವರ್ಷಗಟ್ಟಲೆ ಕಾದು, ಮರೆತೇಬಿಟ್ಟಿದ್ದಾಗ ವೀಸಾ ಬಂತು. ಬಂದ ಹೊಸದರಲ್ಲಿ ಪೆಟ್ರೋಲ್ ಬಂಕು, ಆಮೇಲೆ ಸರ್ಕ್ಯೂಟ್ ಬೋರ್ಡು ಜೋಡಿಸುವ ಕಾರ್ಖಾನೆ. ಕೊನೆಗೆ ಮನೆಗಳ ಬಾಯ್ಲರ್ ರಿಪೇರಿ ಮಾಡುವ ಸಣ್ಣ ಕಂಪನಿಯೊಂದರ ಮಾಲೀಕ ಇವರ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ನಾಳೆಯಿಂದ ಬಾ ಅಂದನಂತೆ.

ಈ ಕಡೆ ಐವತ್ತರ, ಅರವತ್ತರ ದಶಕದಲ್ಲಿ ಕಟ್ಟಿದ ಕೆಲವು ಮನೆಗಳಲ್ಲಿ ಗಾರೆ ನೆಲದೊಳಗೇ ಕೊಳವೆ ಹಾಯಿಸಿದ್ದಾರೆ. ಗರಾಜಿನ ಬಾಯ್ಲರಿನಲ್ಲಿ ಕಾದ ನೀರು ಆ ಕೊಳವೆಗಳಲ್ಲಿ ಸುತ್ತಿ ಬಂದರೆ ಚಳಿಗಾಲದಲ್ಲೂ ನೆಲ ಬೆಚ್ಚಗಿರುತ್ತದೆ. ನೀರು ಗಡಸಾದರೆ ಬಾಯ್ಲರಿನ ಒಳಮೈಗೆ ಸುಣ್ಣ ಕಟ್ಟುತ್ತದೆ. ಬೆಂಕಿಗೂ ನೀರಿಗೂ ನಡುವೆ ಸುಣ್ಣದ ಗೋಡೆ ಎದ್ದ ಮೇಲೆ ಬಾಯ್ಲರು ಗುಡುಗುಡು ಸದ್ದು ಮಾಡುತ್ತದೆ, ಹಾಗೇ ಬಿಟ್ಟರೆ ಒಂದು ದಿನ ಬಿರಿಯುತ್ತದೆ. ಯೋಗಾನಂದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಬಾಯ್ಲರಿಗೆ ಒತ್ತಿ ಆ ಸದ್ದನ್ನು ಆಲಿಸುತ್ತಾರೆ. ಆಮೇಲೆ ಆಮ್ಲ ಹಾಯಿಸುವುದು, ಸುಣ್ಣ ಕರಗಿಸುವುದು, ತೊಳೆಯುವುದು, ಹೊಸ ನೀರು ತುಂಬಿ ಬೇಕಿದ್ದರೆ ಮದ್ದು ಬೆರೆಸುವುದು. ಆಮ್ಲದ ಹೊಗೆಗೆ ಕೆಮ್ಮು ಬೆನ್ನಿಗೆ ಬಿದ್ದಿದೆ, ಕೈಬೆರಳ ಸಂದುಗಳ ಚರ್ಮ ವರ್ಷವಿಡೀ ಸುಲಿದಿರುತ್ತದೆ.

ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಮೊದಲ ಪ್ರಶ್ನೆ, ಯಾವ ಕಂಪನಿ? ಒಮ್ಮೆ ಯೋಗಾನಂದ ಸಂಕೋಚದಿಂದ “ಬಾಯ್ಲರು” ಅಂದರು. ಕೇಳಿದವರು ಹೋಳಿಗೆ ಮುರಿಯುತ್ತಾ, “ಓ, ಸ್ಟಾರ್ಟಪ್ಪಾ? ಐಪಿಒ ಯಾವಾಗ?” ಅಂದರಂತೆ. “ಆಯ್ತದೆ ಬುಡಿ ಅಂದೆ. ಇನ್ನೇನ್ ಹೇಳಾನ?” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆದರೆ ಸನ್ನಿವೇಲ್‌ನ ಆ ಬಾಯ್ಲರಿನ ವಿಷಯದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆ ಮನೆ ಸಂಪತ್ ಮತ್ತು ನೀತಾ ದಂಪತಿಯದು. ಇಬ್ಬರೂ ಉಡುಪಿ ಕಡೆಯವರು. ಹಳೆಯ ಮನೆ ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಬಾಯ್ಲರು ಸದ್ದು ಮಾಡುತ್ತಿದೆಯೆಂದು ಕಂಪನಿಗೆ ಫೋನ್ ಮಾಡಿದ್ದರು. ಯೋಗಾನಂದ ಹೋಗಿ, ಹಿಂದಿನ ಮಾಲೀಕರ ಕಾಲದ ಸುಣ್ಣವನ್ನೆಲ್ಲ ತೆಗೆದು, ಮದ್ದು ಬೇಕಿಲ್ಲವೆಂದು ಬರೀ ನೀರು ತುಂಬಿಸಿ, ಇನ್ನು ಹತ್ತು ವರ್ಷ ಚಿಂತೆಯಿಲ್ಲ ಎಂದು ಎದೆ ತಟ್ಟಿ ಹೇಳಿ ಬಂದರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಮತ್ತೆ ಅದೇ ಗುಡುಗುಡು.

“ನಂಗೆ ತಲೆ ಕೆಟ್ಟೋಯ್ತು” ಎನ್ನುತ್ತಾರೆ. “ಇದ್ರಲ್ಲಿ ಇದ್ದ ನೀರೇ ಸುತ್ತಾ ಇರ್ತದೆ. ಹೊಸ ನೀರು ಒಳಕ್ಕೆ ಬರ್ದೇ ಇದ್ರೆ ಹೊಸ ಸುಣ್ಣ ಎಲ್ಲಿಂದ ಬತ್ತದೆ? ಅಂದ್ರೆ ಹಳೇ ನೀರು ಎಲ್ಲೋ ಸೋರ್ತಾ ಅದೆ. ಎಷ್ಟು ಹೋಯ್ತದೋ ಅಷ್ಟು ನಲ್ಲಿಯಿಂದ ತಾನಾಗೇ ತುಂಬ್ಕತದೆ. ನೆಲದೊಳ್ಗೆ ಪೈಪು ಒಡ್ದದೆ ಅಂತ ತೀರ್ಮಾನ ಮಾಡ್ಬುಟ್ಟೆ.”

ತೀರ್ಮಾನವನ್ನು ಸಂಪತ್‌ಗೂ ಹೇಳಿದರು. ನೆಲ ಒಡೆಯಬೇಕು ಎಂದ ತಕ್ಷಣ ಸಂಪತ್ ಮುಖ ಸುಣ್ಣವಾಯಿತು. “ಮನೇಲಿ ಬಾಣಂತಿ ಇದಾಳೆ, ನ್ಯೂಬಾರ್ನ್ ಇದೆ, ನಂದು ಪ್ರಾಡಕ್ಟ್ ಲಾಂಚು ಬೇರೆ. ಈಗ ಜ್ಯಾಕ್‌ಹ್ಯಾಮರ್ ತರ್ತೀನಿ ಅಂತೀರಲ್ಲಾ ಯೋಗಾನಂದ್!” ಸರಿ, ಸದ್ಯಕ್ಕೆ ಸುಣ್ಣ ತೆಗೆದು ಮದ್ದು ಹಾಕುತ್ತೇನೆ, ಮುಂದಿನ ವಾರ ನೆಲ ನೋಡೋಣ ಎಂದು ಯೋಗಾನಂದ ದಿನವಿಡೀ ಗರಾಜಿನಲ್ಲಿ ಕೆಲಸ ಮಾಡಿದರು. ಸಂಜೆ ಬಾಯ್ಲರು ಹೊತ್ತಿಸಿ, ಅದರ ಕೆಳಗಿನ ನೀರು ಬಗ್ಗಿಸುವ ನಲ್ಲಿಗೆ ಕಂಪನಿಯ ನಿಯಮದಂತೆ ಕೆಂಪು ಎಚ್ಚರಿಕೆ ಚೀಟಿ ಕಟ್ಟಿದರು. ಚೀಟಿ ಇಂಗ್ಲಿಷಿನಲ್ಲಿತ್ತು. ಕೈ ತೊಳೆದುಕೊಂಡು ಹೊರಟರು. ಹೊರಡುವಾಗ ಒಳಗಿನಿಂದ ಸಾಂಬ್ರಾಣಿ ಹೊಗೆಯ ವಾಸನೆ ಬಂತು, ಅದಕ್ಕೆ ಮನೆಯ ಸ್ಮೋಕ್ ಅಲಾರಂ ಕೂಗಿಕೊಂಡಿತು. ಯಾರೋ ಹೆಂಗಸು ಅಲಾರಮ್ಮನ್ನು ತುಳುವಿನಲ್ಲಿ ಬೈದದ್ದೂ ಕೇಳಿಸಿತು. ಆಹಾ, ಮನೆಯಲ್ಲಿ ಅಜ್ಜಿ ಇದ್ದಾರೆ ಅಂದುಕೊಂಡರು. ಅಷ್ಟಕ್ಕೇ ಬಿಟ್ಟರು.

ಮರುದಿನ ಮುಂಜಾನೆ ಮಿಲ್ಪಿಟಾಸ್‌ನ ಅಪಾರ್ಟ್‌ಮೆಂಟಿನಲ್ಲಿ ಪದ್ಮಜಾ ಸ್ನಾನಕ್ಕೆ ಹೋದವರು ಅರ್ಧಕ್ಕೇ ಬಾಗಿಲು ತೆರೆದು ಗೊಣಗಿದರು. “ಥೂ, ಮೇಲಿನ ಮನೆಯವ್ರು ಬಿಸಿನೀರೆಲ್ಲಾ ಮುಗಿಸ್ಬುಟ್ಟವ್ರೆ ಕಣ್ರೀ. ಈ ಉಗುರುಬೆಚ್ಚಗಿನ ನೀರು ಯಾವ ಮೂಲೆಗೆ? ಹಂಡೆ ಒಂದಿದ್ದಿದ್ರೆ ಬಕೀಟು ಹಿಡ್ಕೊಂಡೋಗಿ ಕಾದ ನೀರು ಬಗ್ಗಿಸ್ಕೊಂಬತ್ತಿದ್ದೆ.”

ಯೋಗಾನಂದ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಆ ಗರಾಜು ಕಣ್ಣೆದುರು ಬಂತು. ಬಾಯ್ಲರಿನ ಮೈಯೆಲ್ಲ ಧೂಳು, ಆದರೆ ಕೆಳಗಿನ ನಲ್ಲಿಯ ಹಿಡಿ ಮಾತ್ರ ಫಳಫಳ. ನಲ್ಲಿಯ ಕೆಳಗೆ ಸಿಮೆಂಟಿನ ಮೇಲೆ ಬಕೆಟ್ಟಿನ ತಳದಷ್ಟು ದುಂಡನೆಯ ಒದ್ದೆ ಗುರುತು. ನಲ್ಲಿ ಜಿನುಗುತ್ತಿರಬೇಕೆಂದು ಅದನ್ನು ಇನ್ನಷ್ಟು ಬಿಗಿ ಮಾಡಿ ಬಂದಿದ್ದರು. ಮನೆಯಲ್ಲಿ ಬಾಣಂತಿ, ಜೊತೆಗೆ ಊರಿನಿಂದ ಬಂದ ಅಜ್ಜಿ. ಬಾಣಂತಿಯ ಮೈಗೆ ಸುಡುಸುಡು ನೀರು ಬೀಳಬೇಕು, ಅದೂ ಕೊಡಗಟ್ಟಲೆ. ಅಯ್ಯೋ ದೇವರೇ! ನೆಲದೊಳಗೆ ಯಾವ ಪೈಪೂ ಒಡೆದಿರಲಿಲ್ಲ. ಆ ಅಜ್ಜಿ ದಿನಾ ಬೆಳಗ್ಗೆ ಬಾಯ್ಲರಿನಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದರು, ಬಚ್ಚಲುಮನೆಯ ಹಂಡೆಯಿಂದ ಬಗ್ಗಿಸಿಕೊಳ್ಳುವಂತೆ. ಹೋದಷ್ಟು ನೀರಿಗೆ ಹೊಸ ಗಡಸು ನೀರು ಒಳಬರುತ್ತಿತ್ತು, ಸುಣ್ಣ ಕಟ್ಟುತ್ತಿತ್ತು.

ಸುಣ್ಣದ ಮನೆ ಹಾಳಾಗಲಿ, ಇವತ್ತಿನ ನೀರಿನಲ್ಲಿ ಮದ್ದಿದೆಯಲ್ಲ!

ಯೋಗಾನಂದ ಫೋನಿಗೆ ಹಾರಿದರು. ಎಂಗೇಜು. ಮತ್ತೆ ಒತ್ತಿದರು, ಮತ್ತೆ ಎಂಗೇಜು. ಸಂಪತ್ ಬೆಳಗ್ಗೆ ಎದ್ದೊಡನೆ ಇಂಟರ್‌ನೆಟ್‌ಗೆ ಕೂತುಬಿಟ್ಟಿದ್ದಾರೆ, ಇಂಟರ್‌ನೆಟ್ಟಿಗೂ ಫೋನಿಗೂ ಮನೆಯಲ್ಲಿರುವುದು ಒಂದೇ ಲೈನು. ಕಂಪನಿ ಇವರಿಗೆ ಕೊಟ್ಟಿರುವುದು ಪೇಜರು ಮಾತ್ರ, ಸೆಲ್ ಫೋನಿಲ್ಲ. “ನೀನು ಒತ್ತುತಾನೇ ಇರು, ಎತ್ತಿದ್ರೆ ಬಾಯ್ಲರ್ ನೀರು ಮುಟ್ಬ್ಯಾಡಿ ಅನ್ನು” ಎಂದು ರಿಸೀವರನ್ನು ಹೆಂಡತಿಯ ಕೈಗೆ ತುರುಕಿ, ಬನಿಯನ್ನಿನ ಮೇಲೆಯೇ ಜಾಕೆಟ್ ಎಳೆದುಕೊಂಡು ಓಡಿದರು.

ಹಾಗೆ ಓಡಿದವರು ಈಗ ೨೩೭ರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಕಾರುಗಳು ಒಂದು ಮಾರು ಸರಿಯುತ್ತವೆ, ನಿಲ್ಲುತ್ತವೆ. ಬೆನ್ನ ಹಿಂದೆ ಫ್ರೀಮಾಂಟ್ ಬೆಟ್ಟಗಳ ಮೇಲೆ ಆಕಾಶ ಬಿಳಿಚಿಕೊಳ್ಳುತ್ತಿದೆ. ಬಾಣಂತಿ ಮನೆಯ ಅಜ್ಜಿಯರು ಸೂರ್ಯ ಹುಟ್ಟುವುದನ್ನು ಕಾಯುವವರಲ್ಲ. ಕೊನೆಗೆ ಯೋಗಾನಂದ, ಪೊಲೀಸರು ಹಿಡಿದರೆ ಹಿಡಿಯಲಿ ಎಂದು ರಸ್ತೆಯ ಅಂಚಿನ ಖಾಲಿ ಪಟ್ಟಿಗೆ ವ್ಯಾನು ಇಳಿಸಿ ಒತ್ತುತ್ತಾರೆ. ಏಣಿ ಮೇಲೆ ಗಡಗಡ ಅನ್ನುತ್ತದೆ, ಹಿಂದಿನಿಂದ ಕಾರುಗಳು ಬೈಯುತ್ತವೆ. “ಲೈಸೆನ್ಸ್ ಹೋದ್ರೆ ಕೆಲ್ಸ ಹೋಯ್ತದೆ ಅಂತ ಗೊತ್ತಿತ್ತು. ಹೋಗ್ಲಿ ಅತ್ಲಾಗೆ ಅಂದೆ” ಎನ್ನುತ್ತಾರೆ.

ಸನ್ನಿವೇಲ್‌ನ ಆ ಬೀದಿ ತಣ್ಣಗೆ ಮಲಗಿದೆ. ಸಂಪತ್ ಮನೆಯ ಗರಾಜಿನ ಪಕ್ಕದ ಬಾಗಿಲು ತೆರೆದೇ ಇದೆ. ಒಳಗೆ ಹೋಗಿ ನೋಡುತ್ತಾರೆ. ಕೆಂಪು ಚೀಟಿಯನ್ನು ಒಂದು ಬದಿಗೆ ಸರಿಸಲಾಗಿದೆ. ನಲ್ಲಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿದೆ. ಗರಾಜಿನಿಂದ ಮನೆಯೊಳಗಿನವರೆಗೂ ಸಿಮೆಂಟಿನ ಮೇಲೆ ನೀರು ಚೆಲ್ಲಿದ ಗುರುತು. ಯೋಗಾನಂದ ಆ ಗುರುತು ಹಿಡಿದೇ ಒಳನುಗ್ಗುತ್ತಾರೆ. ಕಂಪ್ಯೂಟರಿನ ಮುಂದೆ ಕೂತಿದ್ದ ಸಂಪತ್ ಗಾಬರಿಯಿಂದ ಎದ್ದು, “ವಾಟ್ ದ… ಯೋಗಾನಂದ್? ಹೇಗೆ ಒಳಗೆ ಬಂದ್ರಿ?” ಎನ್ನುತ್ತಾರೆ. ಬಚ್ಚಲಿನ ಮುಚ್ಚಿದ ಬಾಗಿಲ ಹಿಂದೆ ಮಗು ಅಳುತ್ತಿದೆ, ಚೊಂಬು ಬಕೆಟ್ಟಿಗೆ ತಾಗಿದ ಸದ್ದು ಕೇಳುತ್ತಿದೆ.

ಬಾಣಂತಿ ಸ್ನಾನ ಮಾಡುವ ಜಾಗ. ಪರಗಂಡಸು ಹತ್ತಿರ ಸುಳಿಯಬಾರದು. ಯೋಗಾನಂದ ಗೋಡೆಯ ಕಡೆ ಮುಖ ತಿರುಗಿಸಿ, ಹಿಂಗೈಯಿಂದ ಬಾಗಿಲು ಬಡಿಯುತ್ತಾ, ಇದ್ದ ಶಕ್ತಿಯನ್ನೆಲ್ಲ ಬಿಟ್ಟು ಕೂಗುತ್ತಾರೆ.

“ಅಮ್ಮಾ! ನೀರು ಹುಯ್ಬ್ಯಾಡಿ! ಬಾಯ್ಲರ್ ನೀರಲ್ಲಿ ವಿಷ ಅದೆ! ಕೂಸಿಗೆ ಹುಯ್ಬ್ಯಾಡ್ರವ್ವೋ!”

ಒಳಗೆ ಚೊಂಬು ಬಿದ್ದ ಸದ್ದು. ಆಮೇಲೆ ಮಗುವಿನ ಅಳು ಬಿಟ್ಟರೆ ಏನೂ ಇಲ್ಲ. ಬಾಗಿಲು ಒಂದಿಷ್ಟೇ ತೆರೆಯುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಜಯಂತಿ, ನೀತಾ ಅವರ ತಾಯಿ, ಎಣ್ಣೆ ಹಚ್ಚಿದ ಮಗುವನ್ನು ಎದೆಗವಚಿಕೊಂಡು ನಿಂತಿದ್ದಾರೆ. ಮುಖ ಬಿಳುಚಿದೆ.

“ಎಂತ ಹೇಳಿದ್ದು ನೀವು? ಎಂತ ವಿಷ?”

“ಮಗೀಗೆ ಹುಯ್ದ್ರಾ?”

“ಇಲ್ಲ. ಕಾಲ ಮೇಲೆ ಹಾಕಿಕೊಂಡದ್ದಷ್ಟೆ. ಚೊಂಬು ಎತ್ತಿದ್ದೆ. ಮಗಳಿಗೆ ಒಂದು ಬಾಲ್ದಿ ಹಾಕಿ ಆಯ್ತು.”

ಯೋಗಾನಂದ ತಡಮಾಡದೆ, ನೀತಾ ಅವರ ಮೈಗೆ ಶವರಿನ ನೀರು ಬಿಡಿ, ಎಷ್ಟು ಬಿಟ್ಟರೂ ಸಾಲದು ಎಂದು ಹೇಳಿದರು. ಸಂಪತ್ ವ್ಯಾನಿನಿಂದ ಮದ್ದಿನ ಡಬ್ಬ ತರಿಸಿ, ಇಂಟರ್‌ನೆಟ್ ಕಿತ್ತು ಡಾಕ್ಟರ ಆಫೀಸಿಗೆ ಫೋನ್ ಮಾಡಿ, ಲೇಬಲ್ ಓದಿದರು. ಕಣ್ಣು ಬಾಯಿಗೆ ಹೋಗಿಲ್ಲವಾದರೆ ಭಯವಿಲ್ಲ, ಆದರೂ ಇಬ್ಬರನ್ನೂ ಕರೆತನ್ನಿ ಎಂದರು ನರ್ಸು. ನೀತಾ ಅವರ ಬೆನ್ನು ಕೆಂಪಾಗಿ ಉರಿಯುತ್ತಿತ್ತು, ಎರಡು ದಿನಕ್ಕೆ ಇಳಿಯಿತು. ಮಗುವಿಗೆ ಏನೂ ಆಗಿರಲಿಲ್ಲ.

ಫೋನ್ ಇಟ್ಟ ಸಂಪತ್ ತಿರುಗಿ ಬಿದ್ದರು. “ಯು ಕುಡ್ ಹ್ಯಾವ್ ಕಿಲ್ಡ್ ಹರ್! ನಿಮ್ಮ ಕಂಪನಿ ಮೇಲೆ ಕೇಸ್ ಹಾಕ್ತೀನಿ!” ಅದಕ್ಕೆ ಎದುರಾಡಿದವರು ಅತ್ತೆ ಜಯಂತಿ.

“ಅವರಿಗೆ ಯಾಕೆ ಬೈಯುದು? ನೀರು ತೆಗ್ದದ್ದು ನಾನು. ನಿಮಗೆ ಹೇಳ್ಳಿಲ್ಲ, ಹೇಳಿದ್ರೆ ಬೇಡ ಹೇಳ್ತೀರಿ ಅಂತ ಗೊತ್ತುಂಟು. ನಿಮ್ಮ ನಳ್ಳಿಯಲ್ಲಿ ಒಂದು ಬಾಲ್ದಿ ಬಿಸಿ ಬರ್ತದೆ, ಮತ್ತೆ ತಣ್ಣೀರು. ಬಾಣಂತಿ ಮೈ ತಣ್ಣಗಾದ್ರೆ ಮತ್ತೆ ಜನ್ಮ ಇಡೀ ಸೊಂಟ ನೋವು ಅಂತ ಕೂರ್ಬೇಕಾ ನನ್ನ ಮಗಳು? ಗರಾಜಲ್ಲಿ ಅಷ್ಟು ದೊಡ್ಡ ಹಂಡೆ ದಿನ ಇಡೀ ಕಾಯ್ತಾ ಉಂಟು.” ಆಮೇಲೆ ದನಿ ಒಡೆಯಿತು. “ಆ ಕೆಂಪು ಚೀಟಿ ಅಂಗಡಿಯ ರೇಟಿನ ಚೀಟಿ ಅಂತ ಎಣಿಸಿದೆ ಮಾರಾಯ್ರೆ. ನನ್ನ ಕೈಯಿಂದಲೇ ನನ್ನ ಪುಳ್ಳಿಗೆ…” ಎಂದವರು ಮೊಮ್ಮಗಳ ತಲೆಗೆ ಕೆನ್ನೆ ಒತ್ತಿ ಗೊಳೋ ಎಂದು ಅತ್ತುಬಿಟ್ಟರು. ಅಳುತ್ತಾ ನಿಂತ ಅಜ್ಜಿಯ ಎದುರು ಸಂಪತ್ ಕೋಪವೂ ಇಳಿಯಿತು.

ಒಂದು ಬಾಲ್ದಿಗೇ ಬಿಸಿನೀರು ಮುಗಿಯುತ್ತದೆ ಎಂದದ್ದು ಯೋಗಾನಂದ ಅವರ ಕಿವಿಯಲ್ಲಿ ಉಳಿಯಿತು. ಗರಾಜಿನಲ್ಲಿ ಬಾಯ್ಲರಿನ ಪಕ್ಕದಲ್ಲೇ ಸ್ನಾನದ ನೀರು ಕಾಯಿಸುವ ಬೇರೆ ಟ್ಯಾಂಕಿದೆ. ತಮ್ಮನ್ನು ಕರೆದದ್ದು ಬಾಯ್ಲರಿಗೆ, ಹಾಗಾಗಿ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಎಲ್ಲರೂ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಅದರ ಬುಡಕ್ಕೆ ಪೈಪು ಸಿಕ್ಕಿಸಿ ಬಿಟ್ಟರು. ಮೊದಲು ನೀರೇ ಬರಲಿಲ್ಲ. ಕಂಬಿ ಹಾಕಿ ಕೆದಕಿದಾಗ ಮೊಟ್ಟೆಯ ಚಿಪ್ಪಿನಂಥ ಸುಣ್ಣದ ಚೂರುಗಳು ಬುಳಬುಳನೆ ಹೊರಬಿದ್ದವು. ಬುಡದಲ್ಲಿ ಗೇಣುದ್ದ ಸುಣ್ಣ ಕೂತಿತ್ತು. ಗ್ಯಾಸಿನ ಉರಿ ಸುಣ್ಣವನ್ನು ಕಾಯಿಸುತ್ತಿತ್ತು, ನೀರಿಗೆ ಮುಟ್ಟುತ್ತಲೇ ಇರಲಿಲ್ಲ. ಅದಕ್ಕೇ ಆ ಅಜ್ಜಿ ಬಕೆಟ್ ಹಿಡಿದು ಬಾಯ್ಲರಿನತ್ತ ನಡೆದದ್ದು. ಯಾರೂ ಹೇಳದಿದ್ದರೂ ಯೋಗಾನಂದ ಟ್ಯಾಂಕನ್ನು ನೀರು ತಿಳಿಯಾಗುವವರೆಗೆ ತೊಳೆದರು, ತುಂಬಿಸಿದರು, ಹೊತ್ತಿಸಿದರು.

ಮಧ್ಯಾಹ್ನದ ಹೊತ್ತಿಗೆ ಜಯಂತಿ ಮತ್ತೆ ಬಚ್ಚಲಿಗೆ ಕೂತರು. ಯೋಗಾನಂದ ಗರಾಜಿನಲ್ಲೇ ನಿಂತರು, ಹೋಗಲು ಕಾಲು ಬರಲಿಲ್ಲ. ಗೋಡೆಯಾಚೆ ನೀರು ಸುರಿಯುವ ಸದ್ದು. ಮಗು ಕಿರುಚುತ್ತಿದೆ, ಅಜ್ಜಿ ತುಳುವಿನಲ್ಲಿ ರಮಿಸುತ್ತಿದ್ದಾರೆ. ಬಕೆಟ್ಟು ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಇನ್ನೇನು ತಣ್ಣಗಾಗಬಹುದು, ಈಗ ಆಗಬಹುದು ಎಂದು ಅವರು ಉಸಿರು ಬಿಗಿಹಿಡಿದಿದ್ದಾರೆ. ಆಗ ಗೋಡೆಯಾಚೆಯಿಂದ ಜಯಂತಿಯವರ ದನಿ.

“ಯೋಗಾನಂದರೇ! ಇದ್ದೀರಾ? ಕಡೆಯ ಚೊಂಬಿಗೂ ಬಿಸಿ ಉಂಟು ಮಾರಾಯ್ರೇ!”

ನಡೆದದ್ದನ್ನೆಲ್ಲ ಯೋಗಾನಂದ ಅಂದೇ ಮಾಲೀಕನಿಗೆ ತಾವಾಗಿ ಹೇಳಿದರು. ಮಾಲೀಕ ಒಂದು ವಾರ ಕೆಲಸಕ್ಕೆ ಬರಬೇಡ ಅಂದ. ಸಂಪತ್ ಕೇಸು ಹಾಕಲಿಲ್ಲ. ಬಾಯ್ಲರು ಆಮೇಲೆ ಸದ್ದು ಮಾಡಿಲ್ಲ. ಈಗ ಯೋಗಾನಂದ ಅವರ ವ್ಯಾನಿನಲ್ಲಿ ಪದ್ಮಜಾ ದುಂಡಗೆ ಬರೆದುಕೊಟ್ಟ ಕನ್ನಡದ ಚೀಟಿಗಳೂ ಇವೆ: ಈ ನೀರು ಮೈಗೂ ಬೇಡ, ಬಾಯಿಗೂ ಬೇಡ. “ಕನ್ನಡದೋರ ಮನೇಗೋಗಿ ಇಂಗ್ಲಿಷ್ ಚೀಟಿ ಕಟ್ಬಂದ್ನಲ್ಲಾ” ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಯಾವ ಮನೆಗೆ ಹೋದರೂ ಸ್ಪ್ಯಾನರು ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಬಾಣಂತಿ ಇದ್ದಾರಾ? ಮೊನ್ನೆ ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನ ಒಂದು ಮನೆಯಲ್ಲಿ ಒಂಟಿ ಇಂಜಿನಿಯರನೊಬ್ಬ ಈ ಪ್ರಶ್ನೆ ಕೇಳಿ ಬಿದ್ದು ಬಿದ್ದು ನಕ್ಕನಂತೆ.

“ನಗ್ಲಿ ಬುಡಿ” ಎನ್ನುತ್ತಾರೆ ಯೋಗಾನಂದ, ಸುಲಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಾ. ಇನ್ನೇನಾದರೂ ಆಸೆ ಇದೆಯೇ ಎಂದರೆ, ಕೇಳಿದ್ದಕ್ಕೆ ಉತ್ತರವೇ ಅಲ್ಲದ ಹಾಗೆ ಹೇಳುತ್ತಾರೆ. “ಮಂಡ್ಯದಲ್ಲೂ ಮಾಡ್ದೆ, ಇಲ್ಲೂ ಮಾಡ್ದೆ. ಒಳ್ಗಡೆ ಕೂತಿರೋ ಸುಣ್ಣ ತೆಗ್ದ್ರೆ ಯಾರಿಗ್ ಕಾಣ್ತದೆ ಹೇಳಿ? ಕೆಟ್ಟೋದ್ರೆ ಎಲ್ರೂ ಕೂಗ್ತಾರೆ. ಸರಿಯಾಯ್ತು ಅಂತ ಗೋಡೆ ಆಚೆಯಿಂದ ಕೂಗಿ ಹೇಳ್ದೋರು ಆಯಮ್ಮ ಒಬ್ರೇ ಕಣ್ರೀ.”